ರಚಿಸಿದವರ ಉದ್ದೇಶ ಮತ್ತು ಉಳಿದ ಪಠ್ಯ: ಅಮೆರಿಕದ ಒಂದು ಸಂವಿಧಾನ ತಿದ್ದುಪಡಿ

ಪಠ್ಯವೊಂದರ ಅರ್ಥವನ್ನು ಅದನ್ನು ರಚಿಸಿದವರ ಉದ್ದೇಶವು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಶಾಸನ, ಕಾವ್ಯಗಳ ಅಭ್ಯಾಸಿಗಳಿಗೆ ಪರಿಚಿತವಾದ ಪ್ರಶ್ನೆ. ಅಮೆರಿಕದ ಇತ್ತೀಚಿನ ಸಂವಿಧಾನ ಚರಿತ್ರೆಯೂ ಇದೇ ಪ್ರಶ್ನೆಯನ್ನು ಮುಂದಿಡುತ್ತದೆ.

ಅಲ್ಲಿ ಒಕ್ಕೂಟದ ಸಂವಿಧಾನವಲ್ಲದೆ ಪ್ರತಿಯೊಂದು ರಾಜ್ಯಕ್ಕೂ ಸ್ವಂತ ಸಂವಿಧಾನವಿದೆ. ಬಹುತೇಕ ಎಲ್ಲೆಡೆ ಅದರ ತಿದ್ದುಪಡಿಗೆ ಮತದಾರರ ಒಪ್ಪಿಗೆ ಅಗತ್ಯ. 2010ರ ಮಾರ್ಚ್‌ನಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಅವರ ಸಹಿಯೊಂದಿಗೆ ಜಾರಿಗೆ ಬಂದ ಆರೋಗ್ಯ ಕಾಯಿದೆಯು, 2014ರಿಂದ ಬಹುಪಾಲು ಜನರು ಆರೋಗ್ಯವಿಮೆ ಹೊಂದಿರಬೇಕು, ಇಲ್ಲವಾದರೆ ದಂಡ ತೆರಬೇಕು ಎಂದು ವಿಧಿಸಿತು. ವಿಮಾ ಕಂಪನಿಗಳು ರೋಗಪೀಡಿತರನ್ನು ನಿರಾಕರಿಸಕೂಡದೆಂಬ ನಿಯಮ ನಿಲ್ಲಬೇಕಾದರೆ ಆರೋಗ್ಯವಂತರೂ ವಿಮೆಯೊಳಗಿರಬೇಕು ಎಂಬುದು ಇದರ ಹಿಂದಿನ ತರ್ಕ. ಇಂತಹ ಕಡ್ಡಾಯವೇ ವ್ಯಕ್ತಿಸ್ವಾತಂತ್ರ್ಯಕ್ಕೆ ಭಂಗವೆಂಬುದು ವಿರೋಧಿಗಳ ವಾದ.

ಈ ವಿರೋಧವು ಕಾಯಿದೆಗಿಂತ ಹಳೆಯದೆಂಬುದು ಗಮನಾರ್ಹ. 2008ರಲ್ಲಿಯೇ ಅರಿಜೋನಾದಲ್ಲಿ ಕಡ್ಡಾಯವನ್ನು ನಿಷೇಧಿಸುವ ತಿದ್ದುಪಡಿಯೊಂದು ಅತ್ಯಲ್ಪ ಅಂತರದಿಂದ ಸೋತಿತ್ತು. ಮುಂದೆ 2010ರಲ್ಲಿ ಅರಿಜೋನಾ ಮತ್ತು ಓಕ್ಲಹೋಮ, 2011ರಲ್ಲಿ ಓಹಾಯೊ, 2012ರಲ್ಲಿ ಅಲಬಾಮಾ ಮತ್ತು ವಯೋಮಿಂಗ್ ರಾಜ್ಯಗಳ ಮತದಾರರು ಅಂತಹ ತಿದ್ದುಪಡಿಗಳನ್ನು ಅಂಗೀಕರಿಸಿದರು. ಕೊಲರಾಡೊ 2010ರಲ್ಲಿ ನಿರಾಕರಿಸಿತು. ಫ್ಲಾರಿಡಾದಲ್ಲಿ 2012ರಲ್ಲಿ ಅಗತ್ಯವಾದ ಶೇಕಡ 60ರಷ್ಟು ಮತ ದೊರೆಯಲಿಲ್ಲ.

ಆದರೆ ರಾಜ್ಯದ ಸಂವಿಧಾನವು ಒಕ್ಕೂಟದ ಕಾನೂನನ್ನು ಮೀರಲಾರದು. 2012ರ ಜೂನ್ 28ರಂದು ಸರ್ವೋಚ್ಚ ನ್ಯಾಯಾಲಯವು 5–4ರ ಬಹುಮತದಿಂದ ಆ ದಂಡವನ್ನು ತೆರಿಗೆಯ ಅಧಿಕಾರದಡಿ ಎತ್ತಿಹಿಡಿಯಿತು. ಕೊನೆಗೆ 2019ರಿಂದ ದಂಡದ ಮೊತ್ತವನ್ನು ಶೂನ್ಯಕ್ಕಿಳಿಸಿದ್ದು 2017ರಲ್ಲಿ ಕಾಂಗ್ರೆಸ್ ಅಂಗೀಕರಿಸಿದ ತೆರಿಗೆ ಕಾಯಿದೆಯೇ ಹೊರತು ಯಾವ ರಾಜ್ಯದ ತಿದ್ದುಪಡಿಯೂ ಅಲ್ಲ.

ಹಾಗೆಂದು ಇವು ನಿಷ್ಫಲವಾದವೆನ್ನಲಾಗದು. ಸಮರ್ಥನಾದ ಪ್ರತಿಯೊಬ್ಬ ವಯಸ್ಕನಿಗೂ ತನ್ನ ಆರೋಗ್ಯದ ನಿರ್ಧಾರಗಳನ್ನು ತಾನೇ ಕೈಗೊಳ್ಳುವ ಹಕ್ಕಿದೆ ಎಂದು ವಯೋಮಿಂಗ್‌ನ ತಿದ್ದುಪಡಿ ಸಾರುತ್ತದೆ. 2022ರಲ್ಲಿ ಗರ್ಭಪಾತದ ಹಕ್ಕಿಗೆ ಒಕ್ಕೂಟದ ಸಂವಿಧಾನದ ರಕ್ಷಣೆ ತಪ್ಪಿದ ಮೇಲೆ ಆ ರಾಜ್ಯವು ಗರ್ಭಪಾತವನ್ನು ನಿಷೇಧಿಸಿತು. ಅದನ್ನು ಪ್ರಶ್ನಿಸಿದವರು ಆಶ್ರಯಿಸಿದ್ದು ಈ ಮಾತುಗಳನ್ನೇ. 2024ರ ನವೆಂಬರ್‌ನಲ್ಲಿ ಜಿಲ್ಲಾ ನ್ಯಾಯಾಲಯವು ನಿಷೇಧಗಳನ್ನು ರದ್ದುಪಡಿಸಿತು. 2026ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಸಮರ್ಥಿಸಿತು. ತಿದ್ದುಪಡಿಯು ಗರ್ಭಪಾತವನ್ನು ಉದ್ದೇಶಿಸಿ ರಚಿತವಾದುದಲ್ಲವೆಂದು ನ್ಯಾಯಾಲಯ ಒಪ್ಪಿತು. ಆದರೆ ಪಠ್ಯಕ್ಕೆ ಹೊಸ ಪದಗಳನ್ನು ಸೇರಿಸುವುದು ತನ್ನ ಕೆಲಸವಲ್ಲವೆಂದಿತು.

ವಿಮೆಯ ಕಡ್ಡಾಯದ ವಿರುದ್ಧ ನಿಷ್ಪ್ರಯೋಜಕವಾದ ವಾಕ್ಯವು, ಅದನ್ನು ಬರೆದವರಲ್ಲಿ ಅನೇಕರು ಬಯಸದಿದ್ದ ಹಕ್ಕನ್ನು ಹೀಗೆ ರಕ್ಷಿಸಿತು. ಅದನ್ನು ಬದಲಿಸಬೇಕೆನ್ನುವವರು ಈಗ ಮತ್ತೆ ಮತದಾರರ ಮುಂದೆಯೇ ನಿಲ್ಲಬೇಕಾಗಿದೆ.