ಎಲ್ಲಿ ನಿಂತು ನೋಡಿದರು?

ಹಂಪೆಯನ್ನು ನೋಡಲು ಬಂದವರು ಮಹಾನವಮಿ ದಿಬ್ಬವನ್ನು ಹತ್ತದೆ ಹಿಂದಿರುಗುವುದು ವಿರಳ. ಮೆಟ್ಟಿಲೇರಿ ಮೇಲೆ ಹೋಗಿ, ಗಾಳಿಗೆ ಮುಖವೊಡ್ಡಿ ನಿಂತು, ಕೃಷ್ಣದೇವರಾಯನು ಇಲ್ಲಿಯೇ ಕುಳಿತು ಹಬ್ಬವನ್ನು ನೋಡುತ್ತಿದ್ದನೆಂದು ಪಕ್ಕದವರಿಗೆ ಹೇಳಿ, ಸುತ್ತಣ ಬಯಲನ್ನು ಒಂದು ಗಳಿಗೆ ರಾಜದೃಷ್ಟಿಯಿಂದಲೇ ನೋಡಿ ಇಳಿದುಬರುತ್ತಾರೆ. ನಾನೂ ಎಷ್ಟೋ ಸಲ ಹಾಗೆಯೇ ಮಾಡಿದ್ದೇನೆ. ಆದರೆ ನಮ್ಮ ನಿಮ್ಮಂಥವರು ಆ ಕಾಲದಲ್ಲಿ ಹುಟ್ಟಿದ್ದರೆ ದಿಬ್ಬದ ಮೇಲೆ ನಿಲ್ಲುವ ಯೋಗ ನಮಗೆಲ್ಲಿ ಬರುತ್ತಿತ್ತು? ಕೆಳಗೆ ಎಲ್ಲಿಯೋ ನಿಲ್ಲಬೇಕಾಗಿತ್ತು. ಕುಸ್ತಿಯ ಹುಚ್ಚು ಹಿಡಿದ ಒಬ್ಬ ನೇಕಾರ, ಕಂಪ್ಲಿಯ ಕಡೆಯಿಂದ ಗಾಡಿ ಹೂಡಿಕೊಂಡು ಹಬ್ಬಕ್ಕೆಂದು ಬಂದ ಒಬ್ಬ ರೈತ, ಇವರು ಎಲ್ಲಿ ನಿಂತರು, ಏನನ್ನು ಕಂಡು ಊರಿಗೆ ಹಿಂದಿರುಗಿದರು? ಚರಿತ್ರೆಯ ಪುಸ್ತಕಗಳಲ್ಲಿ ಆಡಿದವರ ಮಾತಿದೆ, ಆಡಿಸಿದವರ ಮಾತಂತೂ ಬೇಕಾದಷ್ಟಿದೆ. ನೋಡಿದವನ ಮಾತು ಮಾತ್ರ ಕಡಮೆ. ಇಂದಿನ ನನ್ನ ಭಾಷಣ ಆ ನೋಡಿದವನ ಪರವಾಗಿ.

ಮೊದಲು ಪಟ್ಟಣದ ಒಳಗಣ ಕಣವನ್ನು ನೋಡೋಣ. ದಿಬ್ಬ ಈಗ ಸುಮಾರು 12 ಮೀಟರ್ ಎತ್ತರವಿದೆ. ತಳದಲ್ಲಿ ಒಂದೊಂದು ಪಕ್ಕವೂ ಸುಮಾರು 40 ಮೀಟರ್. ಮೇಲಣ ಮರದ ಕಟ್ಟಡ ಹೋಗಿ ಶತಮಾನಗಳಾದವು. ಪಕ್ಕದ ಕಲ್ಲುಗಳಲ್ಲಿ ಆನೆ, ಕುದುರೆ, ಬೇಟೆ, ನರ್ತಕಿಯರು, ಜಟ್ಟಿಗಳು, ವಿದೇಶದ ಉಡುಗೆಯವರು ಸಾಲುಸಾಲಾಗಿ ಉಳಿದಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯಗೃಹವೆಂದು ಕರೆದದ್ದು ಈ ದಿಬ್ಬವನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒರಿಸ್ಸದ ಯುದ್ಧದಲ್ಲಿ ಗೆದ್ದು ಬಂದ ರಾಜನು ಅದನ್ನು ಕಟ್ಟಿಸಿದನೆಂದು ಪಾಯಸ್ ಕೇಳಿ ಬರೆದಿದ್ದಾನೆ.

ಪಾಯಸ್ ಕುತೂಹಲಿ. ಹಬ್ಬದ ಒಂಬತ್ತು ದಿನಗಳನ್ನೂ ಕಣ್ಣಾರೆ ಕಂಡು ಬರೆದವನು. ಆದರೆ ಅವನ ಬರವಣಿಗೆಯಲ್ಲಿ ನಾವು ಸಾಮಾನ್ಯವಾಗಿ ದಾಟಿಹೋಗುವ ಒಂದು ಸಂಗತಿಯಿದೆ. ಅದು ಬಾಗಿಲುಗಳ ಸಂಗತಿ. ಅರಮನೆಯ ಬಾಗಿಲಲ್ಲಿ ಕೈಯಲ್ಲಿ ಕೋಲನ್ನೂ ಚರ್ಮದ ಚಾವಟಿಯನ್ನೂ ಹಿಡಿದ ದ್ವಾರಪಾಲಕರು. ನಾಯಕರನ್ನು, ಪ್ರಮುಖರನ್ನು, ಕಾವಲಿನ ಮುಖ್ಯಾಧಿಕಾರಿಯಿಂದ ಅಪ್ಪಣೆ ಬಂದವರನ್ನು ಬಿಟ್ಟರೆ ಬೇರೆಯವರಿಗೆ ಪ್ರವೇಶವಿಲ್ಲ. ಮಧ್ಯಾಹ್ನ ಸುಮಾರು ಮೂರು ಗಂಟೆಗೆ ಆಟ ಆರಂಭವಾಗುವಾಗಲೂ ಎಲ್ಲರನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ. ಮೊದಲು ಜಟ್ಟಿಗಳು, ನರ್ತಕಿಯರು, ಸಿಂಗರಿಸಿದ ಆನೆಗಳು. ಪಾಯಸ್ ಮತ್ತು ಅವನ ಸಂಗಡಿಗರು ರಾಜನಿಗೆ ಬೇಕಾದ ಪರದೇಶಿಯರು, ಕುದುರೆ ವ್ಯಾಪಾರದವರು. ಅವರೂ ಎರಡು ಬಾಗಿಲುಗಳ ನಡುವಣ ಬಯಲಿನಲ್ಲಿ ಕಾದು ನಿಂತರು. ಹಾಗಾದರೆ ನಮ್ಮ ನೇಕಾರನ ಗತಿಯೇನು?

ಒಳಗೆ ಹೋದವರು ಕಂಡದ್ದೇನೋ ನೋಡತಕ್ಕದ್ದೇ. ಮೆಟ್ಟಿಲುಗಳ ಹತ್ತಿರ ಜಟ್ಟಿಗಳ ಕಾಳಗ. ಪಾಯಸ್ ಹೇಳುವಂತೆ ಅದು ಅವನ ದೇಶದ ಕುಸ್ತಿಯಂತಲ್ಲ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಗುದ್ದುಗಳು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತು ಸಾಗಿಸುತ್ತಿದ್ದರು. ಇಷ್ಟಾದರೂ ಅದು ಬರಿಯ ಹೊಡೆದಾಟವಲ್ಲ. ಜೋಡಿಗಳನ್ನು ಸಮವಾಗಿ ಕೂಡಿಸುವುದಕ್ಕೆ, ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದಕ್ಕೆ ನಾಯಕರೂ ತೀರ್ಪುಗಾರರೂ ಇದ್ದರು. ಕುಸ್ತಿಯಾಡುವ ಹೆಂಗಸರೂ ರಾಜನ ಬಳಿ ಇದ್ದರೆಂದು ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸನು ಬರೆದಿದ್ದಾನೆ. ಕೃಷ್ಣದೇವರಾಯನೇ ದಿನವೂ ಬೆಳಗಾಗುವ ಮೊದಲು ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿಕೊಂಡು, ಭಾರ ಎತ್ತಿ, ತನ್ನ ಜಟ್ಟಿಗಳಲ್ಲೊಬ್ಬನ ಸಂಗಡ ಕುಸ್ತಿ ಹಿಡಿಯುತ್ತಿದ್ದನಂತೆ. ದಿಬ್ಬದ ಮೇಲೆ ಕುಳಿತವನಿಗೆ ಕೆಳಗೆ ಬೀಳುತ್ತಿದ್ದ ಪಟ್ಟುಗಳ ಮರ್ಮ ಗೊತ್ತಿತ್ತು. ಕುಸ್ತಿ ಬಲ್ಲ ಪ್ರೇಕ್ಷಕನ ಮುಂದೆ ಆಡುವುದಕ್ಕೂ ಅರಿಯದವನ ಮುಂದೆ ಆಡುವುದಕ್ಕೂ ಇರುವ ವ್ಯತ್ಯಾಸವನ್ನು ಆಡಿದವರೇ ಹೇಳಬೇಕು.

ಹೀಗೆ ಒಳಗಣ ಕಣದ ಗುಣ ಸಾಮೀಪ್ಯ. ಬೆವರು ಕಾಣುತ್ತದೆ, ಉಸಿರು ಕೇಳುತ್ತದೆ. ಅದರ ದೋಷವೂ ಅಲ್ಲಿಯೇ ಇದೆ. ಹತ್ತಿರದ ಜಾಗ ಯಾವಾಗಲೂ ಸ್ವಲ್ಪ, ಅದು ಹಂಚಿಹೋಗುವುದು ಅಂತಸ್ತಿನ ಪ್ರಕಾರ. ಸುತ್ತಲಿನ ಮೊಗಸಾಲೆಗಳಲ್ಲಿ ನಾಯಕರೂ ದೊಡ್ಡವರೂ, ಎದುರಿನ ಬಾಗಿಲ ಬಳಿ ಬ್ರಾಹ್ಮಣರೂ ರಾಜನಿಗೆ ಬೇಕಾದವರ ಮಕ್ಕಳೂ ನೆಂಟರೂ. ಯಾರು ಎಲ್ಲಿರಬೇಕೋ ಅಲ್ಲಿಯೇ ಇರುವಂತೆ ನೋಡಿಕೊಳ್ಳಲು ಬೇರೆ ಅಧಿಕಾರಿಗಳು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಾಯಕರು ರಾಜನಿಗೆ ಸಲ್ಲಿಸಬೇಕಾದ ಹಣವನ್ನು ಈ ಒಂಬತ್ತು ದಿನಗಳಲ್ಲಿಯೇ ಸಲ್ಲಿಸುತ್ತಿದ್ದರೆಂದು ನ್ಯೂನಿಜ್ ಹೇಳುತ್ತಾನೆ. ಅಂದ ಮೇಲೆ ಒಳಗಣ ಕಣ ಆಟ ನೋಡುವ ಸ್ಥಳವಾಗಿದ್ದಂತೆಯೇ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ರಾಜನು ಲೆಕ್ಕ ನೋಡುವ ಸ್ಥಳವೂ ಆಗಿತ್ತು. ಅಲ್ಲಿ ಪ್ರೇಕ್ಷಕನೇ ಪ್ರದರ್ಶನದ ವಸ್ತು!

ಅದಂತಿರಲಿ. ಒಂಬತ್ತು ದಿನ ಮುಗಿದ ಮೇಲೆ ಇನ್ನೊಂದು ನೋಟವಿತ್ತು. ಅದು ಪಟ್ಟಣದ ಹೊರಗೆ. ಒಂದು ಹರದಾರಿ ದೂರದಲ್ಲಿ, ಅದಕ್ಕೆಂದೇ ಗೊತ್ತುಮಾಡಿದ ಸ್ಥಳದಲ್ಲಿ ಮಖಮಲ್ಲಿನ ಡೇರೆ ಹಾಕಿಸಿ, ಯಾವ ದೇವರ ಹೆಸರಿನಲ್ಲಿ ಹಬ್ಬ ನಡೆಯಿತೋ ಆ ದೇವರನ್ನು ಅಲ್ಲಿಗೆ ಬಿಜಯಮಾಡಿಸುತ್ತಿದ್ದರು. ಇಂದಿನ ಹೊಸಪೇಟೆಯನ್ನು, ಅಂದರೆ ಕೃಷ್ಣದೇವರಾಯನು ಹೊಸದಾಗಿ ಕಟ್ಟಿಸಿದ ನಾಗಲಾಪುರವನ್ನು, ಪಾಯಸ್ ಪಟ್ಟಣದಿಂದ ಇಷ್ಟೇ ದೂರದಲ್ಲಿಟ್ಟಿದ್ದಾನೆ. ಅಲ್ಲಿಂದ ರಾಜಧಾನಿಯವರೆಗೆ ಅಗಲವಾದ ಬೀದಿ, ಇಕ್ಕೆಲದಲ್ಲೂ ಮನೆ ಅಂಗಡಿಗಳ ಸಾಲು. ಈಗಿನ ವಿದ್ವಾಂಸರು ಹೊಸಪೇಟೆ, ಅನಂತಶಯನಗುಡಿ, ಮಲಪನಗುಡಿಗಳನ್ನು ವಿಜಯನಗರದ ಉಪನಗರಗಳೆಂದು ಕರೆಯುವುದು ಸರಿಯಾಗಿಯೇ ಇದೆ.

ಆ ದಿನ ಅರಮನೆಯಿಂದ ಡೇರೆಯವರೆಗೆ ದಾರಿಯ ಎರಡು ಪಕ್ಕದಲ್ಲೂ ನಾಯಕರು ತಮ್ಮ ತಮ್ಮ ದಂಡನ್ನು ನಿಲ್ಲಿಸುತ್ತಿದ್ದರು. ಮುಂದೆ ಕಾಲಾಳು, ಹಿಂದೆ ಕುದುರೆ, ಅದರ ಹಿಂದೆ ಆನೆ. ಪಟ್ಟಣದೊಳಗೆ ಜಾಗ ಸಾಲದೆ ಬೀದಿಗಳ ಬಾಯಿಗೆ ಅಟ್ಟಣೆ ಕಟ್ಟಿ ಅದರ ಮೇಲೆ ಜನವನ್ನು ನಿಲ್ಲಿಸಿದರಂತೆ. ರಾಜನು ಕುದುರೆಯೇರಿ ಹೊರಟು, ಡೇರೆಯಲ್ಲಿ ಪೂಜೆ ಸಲ್ಲಿಸಿ, ಮೂರು ಬಾಣಗಳನ್ನು ಬಿಡುತ್ತಿದ್ದನು. ಒಂದು ಬಿಜಾಪುರದ ಹೆಸರಿನಲ್ಲಿ, ಒಂದು ಗೋಲ್ಕೊಂಡದ ಹೆಸರಿನಲ್ಲಿ, ಇನ್ನೊಂದು ಪೋರ್ಚುಗೀಸರ ಹೆಸರಿನಲ್ಲಿ. ಯಾವ ಬಾಣ ಹೆಚ್ಚು ದೂರ ಹೋಯಿತೋ ಆ ಕಡೆಗೆ ದಂಡಯಾತ್ರೆ. ಮೂರನೆಯ ಬಾಣ ಹಾರಿದಾಗ ಪಾಯಸ್‌ನ ಎದೆ ಹೇಗೆ ಹೊಡೆದುಕೊಂಡಿತೋ ಅವನು ಬರೆದಿಲ್ಲ! ರಾಜನು ಹಿಂದಿರುಗುವಾಗ ಎದ್ದ ಕೂಗು, ಗುರಾಣಿಗಳ ಬಡಿತ, ಆನೆ ಕುದುರೆಗಳ ಸದ್ದು, ಬಂದೂಕುಗಳ ಶಬ್ದ ಇವುಗಳಿಗೆ ಬೆಟ್ಟ ಕಣಿವೆಗಳೇ ಮಗುಚಿದಂತಾಯಿತೆಂದೂ ತಾನು ಕಾಣುತ್ತಿರುವುದು ಕನಸೋ ಎಂಬಂತೆ ಮೈಮರೆತೆನೆಂದೂ ಅವನು ಒಪ್ಪಿಕೊಂಡಿದ್ದಾನೆ. ಒಳಗಣ ಕಣದಲ್ಲಿ ಹಲ್ಲು ಮುರಿದದ್ದನ್ನು ಲೆಕ್ಕವಿಟ್ಟು ನೋಡಿದ ಮನುಷ್ಯ ಹೊರಗಣ ಬಯಲಿನಲ್ಲಿ ತನ್ನನ್ನೇ ಮರೆತನು.

ಪಾಯಸ್‌ಗಿಂತ ಮುಂಚೆ, 1443ರಲ್ಲಿ, ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕನು ಇಮ್ಮಡಿ ದೇವರಾಯನ ಕಾಲದ ಮಹಾನವಮಿಯನ್ನು ನೋಡಿದ್ದನು. ಬಯಲಿನಲ್ಲಿ ಎರಡರಿಂದ ಐದು ಅಂತಸ್ತಿನವರೆಗೆ ಸಿಂಗರಿಸಿದ ಮಂಟಪಗಳು. ಕೆಲವು ತಿರುಗುತ್ತ ಗಳಿಗೆಗೊಂದು ಮುಖ ತೋರಿಸುತ್ತಿದ್ದವು. ತೊಲೆಯ ತುದಿಯ ಮೇಲೆ ನಿಂತು ವಾದ್ಯಕ್ಕೆ ಸರಿಯಾಗಿ ಸೊಂಡಿಲು ಆಡಿಸುವ ಆನೆಯನ್ನು ಅವನು ವರ್ಣಿಸಿದ್ದಾನೆ. ಅಷ್ಟು ಎತ್ತರದ ಆಟವನ್ನು ಹಿಂದಿನ ಸಾಲಿನವನೂ ಕಾಣಬಲ್ಲನು. ಬಯಲಿನಲ್ಲಿ ನೋಟ ದೊಡ್ಡದಾಗಿರಲೇಬೇಕು, ಇಲ್ಲದಿದ್ದರೆ ದೂರದವನಿಗೆ ಧೂಳಷ್ಟೇ ದಕ್ಕುತ್ತದೆ. ಕುಸ್ತಿಗೆ ಇದು ಒಗ್ಗದು. ನಾನು ಬಾಲ್ಯದಲ್ಲಿ ಕಂಡ ಕುಸ್ತಿಗಳೆಲ್ಲ ಊರಾಚೆಯ ಬಯಲಿನಲ್ಲಿ, ಕೆಮ್ಮಣ್ಣಿನ ಕಣದಲ್ಲಿ ನಡೆಯುತ್ತಿದ್ದವು. ಟಿಕೀಟು ಇರಲಿಲ್ಲ, ಬಾಗಿಲಿರಲಿಲ್ಲ. ಮುಂದೆ ಕುಳಿತವರು ಎದ್ದು ನಿಂತರೆ ಹಿಂದಿದ್ದವರಿಗೆ ಏನೂ ಕಾಣದು. ಅಜ್ಜನ ಹೆಗಲ ಮೇಲೆ ಕುಳಿತ ನನಗೆ ಕಂಡದ್ದನ್ನು ನಾನು ಕೂಗಿ ಹೇಳಬೇಕು, ಅವರು ಕೇಳಿ ತಿಳಿಯಬೇಕು. ಅಜ್ಜ ಎಷ್ಟೋ ಕುಸ್ತಿಗಳನ್ನು ಹೀಗೆ ಕಿವಿಯಿಂದಲೇ ನೋಡಿದರು.

ಊರೊಳಗೆ ಆಡುವುದರ ಅಪಾಯಕ್ಕೆ ಈ ಸೀಮೆಯಲ್ಲಿಯೇ ಒಂದು ಹಳೆಯ ಕಥೆಯಿದೆ. ವಿಜಯನಗರಕ್ಕಿಂತ ಮುಂಚೆ ಇಲ್ಲಿ ಆಳಿದ ಕಂಪಿಲರಾಯನ ಮಗ ಕುಮಾರರಾಮ. ಕಂಪ್ಲಿ ಆ ರಾಜ್ಯದ ಹೆಸರನ್ನು ಇಂದಿಗೂ ಹೊತ್ತಿದೆ. ಸಂಡೂರಿನ ಬೆಟ್ಟಗಳಲ್ಲಿರುವ ರಾಮನದುರ್ಗವನ್ನು ಜನ ಅವನ ಹೆಸರಿನೊಡನೆಯೇ ನೆನೆಯುತ್ತಾರೆ. 1327ರಲ್ಲಿ ದೆಹಲಿಯ ಸೈನ್ಯಕ್ಕೆ ಆ ರಾಜ್ಯ ಬಿತ್ತು. ನಂಜುಂಡಕವಿಯ ಕಾವ್ಯದಿಂದ ಹಿಡಿದು ಹಳ್ಳಿಯ ಹಾಡುಗಳವರೆಗೆ ಕಥೆಯ ತಿರುವು ಒಂದೇ. ರಾಮನು ಗೆಳೆಯರೊಡನೆ ಚೆಂಡಾಡುತ್ತಿರುವಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ಒಲ್ಲೆನೆಂದಾಗ ಅಪವಾದ ಹೊರಿಸುತ್ತಾಳೆ. ತಂದೆ ಮಗನ ತಲೆ ಕಡಿಯಲು ಆಜ್ಞೆ ಮಾಡುತ್ತಾನೆ. ಚೆಂಡಾಟದ ಬಯಲು ಕೋಟೆಯ ಹೊರಗಿದ್ದಿದ್ದರೆ ಕನ್ನಡಕ್ಕೆ ಒಂದು ದೊಡ್ಡ ಕಥೆಯೇ ತಪ್ಪಿಹೋಗುತ್ತಿತ್ತು.

ಆಟದ ಕಣ ಊರೊಳಗಿರಬೇಕೋ ಹೊರಗೋ ಎಂಬ ಜಗಳ ನಮ್ಮದಷ್ಟೇ ಅಲ್ಲ. ರೋಮಿನ ಮಹಾ ರಥಕಣ ಚಕ್ರವರ್ತಿಯ ಅರಮನೆಯಿದ್ದ ಗುಡ್ಡದ ಬುಡದಲ್ಲಿಯೇ ಇತ್ತು. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟದ ಅಭಿಮಾನಿಗಳು ಈ ವಿಷಯದಲ್ಲಿ ಇಂದಿಗೂ ಎರಡು ಪಂಗಡ. ಬ್ರೂಕ್ಲಿನ್ನಿನ ಬೀದಿಗಳ ನಡುವೆ 1913ರಲ್ಲಿ ಕಟ್ಟಿದ ಎಬೆಟ್ಸ್ ಫೀಲ್ಡನ್ನು 1957ರ ಕೊನೆಗೆ ಅದರ ತಂಡ ಬಿಟ್ಟು ಲಾಸ್ ಏಂಜಲೀಸಿಗೆ ಹೋಯಿತು. ಅಲ್ಲಿ 1962ರಲ್ಲಿ ತೆರೆದ ಕ್ರೀಡಾಂಗಣದ ಸುತ್ತ ಕಾರು ನಿಲ್ಲಿಸುವ ಬಯಲೇ ಬಯಲು. ಬಾಲ್ಟಿಮೋರಿನವರು 1992ರಲ್ಲಿ ಮತ್ತೆ ಪಟ್ಟಣದ ನಡುವೆಯೇ ಕಟ್ಟಿದರು. ನಡೆದು ಹೋಗಿ ನೋಡುವ ಸುಖ ಒಂದು ಕಡೆ, ವಿಸ್ತಾರದ ಅನುಕೂಲ ಇನ್ನೊಂದು ಕಡೆ. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಊರಿನ ಎದೆಯಲ್ಲಿಯೇ ಇದೆ. 2025ರ ಜೂನ್ 4ರಂದು, ಗೆದ್ದ ತಂಡವನ್ನು ನೋಡಲು ಬಂದ ಜನ ಅದರ ಬಾಗಿಲುಗಳ ಬಳಿ ನುಗ್ಗಾಟಕ್ಕೆ ಸಿಕ್ಕಿ, ಹನ್ನೊಂದು ಮಂದಿ ಸತ್ತರು. ಊರ ಹೊರಗೆ, ಆನೇಕಲ್ಲಿನ ಕಡೆ, ದೊಡ್ಡ ಕ್ರೀಡಾಂಗಣ ಕಟ್ಟುವ ಮಾತು ಆ ವರ್ಷವೇ ಬಲವಾಯಿತು. ಸತ್ತವರು ಕಣದೊಳಗೆ ಏನನ್ನೂ ನೋಡಿರಲಿಲ್ಲ. ಬಾಗಿಲಾಚೆ ನಿಂತವರು ಅವರು.

ಹಾಗೆಂದು ಎಲ್ಲವನ್ನೂ ಹೊರಗೆ ಸಾಗಿಸಿದರೆ ಸರಿಯಾದೀತೆ? ನನಗೆ ಹಾಗೆ ತೋರುವುದಿಲ್ಲ. ವಿಜಯನಗರದವರು ಎರಡನ್ನೂ ಇಟ್ಟುಕೊಂಡಿದ್ದರು. ಎರಡರ ನಡುವೆ ಒಂದು ದಾರಿಯನ್ನೂ ಇಟ್ಟಿದ್ದರು. ನೇಕಾರನಿಗೂ ಕಂಪ್ಲಿಯ ರೈತನಿಗೂ ದಕ್ಕಿದ್ದು ಆ ದಾರಿಯೇ ಇರಬೇಕೆಂದು ನನ್ನ ಊಹೆ. ದಂಡಿನ ಬೆನ್ನ ಹಿಂದೆ, ಮಾಳಿಗೆಯ ಮೇಲೆ, ಬಂಡೆಯ ಮೇಲೆ ನಿಂತು ಅವರು ರಾಜನು ಹೋಗುವುದನ್ನೂ ಬರುವುದನ್ನೂ ಕಂಡಿರಬಹುದು. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾವನ್ನು ಮುಂದುವರಿಸಿದ ಮೈಸೂರಿನವರಲ್ಲಿ ಈ ಕ್ರಮ ಇಂದಿಗೂ ಉಳಿದಿದೆ. ಜಟ್ಟಿಗಳ ವಜ್ರಮುಷ್ಟಿ ಕಾಳಗ ಅರಮನೆಯ ತೊಟ್ಟಿಯಲ್ಲಿ, ಕೆಲವರೆದುರು, ತಲೆಯಲ್ಲಿ ಮೊದಲ ಹನಿ ರಕ್ತ ಕಾಣುವವರೆಗೆ. ಪಂಜಿನ ಕವಾಯತು ಊರಂಚಿನ ಬನ್ನಿಮಂಟಪದಲ್ಲಿ. ನಡುವೆ ಸುಮಾರು ಐದು ಕಿಲೋಮೀಟರಿನ ಜಂಬೂಸವಾರಿ, ಅದರ ಪಕ್ಕದ ಮರಗಳ ಕೊಂಬೆಗಳಲ್ಲಿ ಹುಡುಗರು.

ಹಂಪೆಯಲ್ಲಿಯೂ ಅಂಥ ಒಂದು ದಾರಿ ಬದುಕಿದೆ. ವಿರೂಪಾಕ್ಷನ ರಥಬೀದಿ, ಸುಮಾರು ಮುಕ್ಕಾಲು ಕಿಲೋಮೀಟರ್, ಇಕ್ಕೆಲದಲ್ಲೂ ಕಲ್ಲಿನ ಸಾಲುಮಂಟಪಗಳು. ಅಲ್ಲಿ ನೆಲೆಸಿದ್ದ ಅಂಗಡಿ ಮನೆಗಳನ್ನು 2011ರ ಜುಲೈಯಲ್ಲಿ ತೆರವು ಮಾಡಿಸಿದರು. ಸ್ಮಾರಕದ ದೃಷ್ಟಿಯಿಂದ ಅದು ಬೇಕಿತ್ತೆನ್ನುವವರಿದ್ದಾರೆ. ಬೀದಿಯೆಂದ ಮೇಲೆ ಬೀದಿಯವರು ಇರಬೇಕೆನ್ನುವ ಪಕ್ಷ ನನ್ನದು. ಹಂಪಿ ಉತ್ಸವಕ್ಕೆ ಈಗ ದೊಡ್ಡ ವೇದಿಕೆಗಳು, ಮುಂದಿನ ಸಾಲಿನಲ್ಲಿ ಗಣ್ಯರ ಕುರ್ಚಿಗಳು, ಬಿದಿರಿನ ತಡಿಕೆ, ಕೈಯಲ್ಲಿ ಲಾಠಿ ಹಿಡಿದ ಪೊಲೀಸರು. ಪಾಯಸ್ ಬಂದರೆ ಬಾಗಿಲನ್ನು ಥಟ್ಟನೆ ಗುರುತು ಹಿಡಿದಾನು.

ಚೈತ್ರದ ತೇರಿನ ದಿನ ಮಾತ್ರ ಹಾಗಲ್ಲ. ಬಿಸಿಲು ಇಳಿಯುವ ಮುಂಚೆಯೇ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಡೆಯ ಜನ ಬುತ್ತಿಯ ಗಂಟಿನೊಡನೆ ಬಂದು ಹೇಮಕೂಟದ ಬಂಡೆಗಳ ಮೇಲೆ ಜಾಗ ಹಿಡಿಯುತ್ತಾರೆ. ಒಂದು ವರ್ಷ ನನ್ನ ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು, ಹಗ್ಗ ಹಿಡಿದವರ ಕೂಗು ಕೇಳಿದೊಡನೆ, ಎದುರಿಗೆ ನಿಂತಿದ್ದ ನನ್ನ ಪರಿಚಯದ ಪ್ರಾಧ್ಯಾಪಕರನ್ನು ಕುರಿತು, “ಯಪ್ಪಾ, ಸ್ವಲ್ಪ ಕುಂಡ್ರು, ತೇರು ಕಾಣವಲ್ದು” ಎಂದಳು. ಅವರು ಕುಳಿತರು.