ಅರಬ್ ಜಗತ್ತು: ಸ್ಥೂಲಕಾಯದ ಬೆನ್ನಿಗೇ ಮಧುಮೇಹ

ವಿಶ್ವದ ಯಾವ ಭಾಗದಲ್ಲಿ ಮಧುಮೇಹಿಗಳ ಪ್ರಮಾಣ ಅತ್ಯಧಿಕ ಎಂಬ ಪ್ರಶ್ನೆಗೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ನೀಡುವ ಉತ್ತರ ಸ್ಪಷ್ಟವಾಗಿದೆ: ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕ. ಒಕ್ಕೂಟದ 2021ರ ಅಂದಾಜಿನಂತೆ ಈ ವಲಯದಲ್ಲಿ 20ರಿಂದ 79 ವರ್ಷದೊಳಗಿನ 7.3 ಕೋಟಿ ಜನರಿಗೆ, ಅಂದರೆ ಪ್ರತಿ ಆರು ವಯಸ್ಕರಲ್ಲಿ ಒಬ್ಬರಿಗೆ ಮಧುಮೇಹವಿತ್ತು. ವಿಶ್ವದ ಸರಾಸರಿ ಹತ್ತರಲ್ಲಿ ಒಬ್ಬರು. 2025ರಲ್ಲಿ ಪ್ರಕಟವಾದ ವರದಿಯ ಪ್ರಕಾರ 2024ರ ವೇಳೆಗೆ ಈ ಸಂಖ್ಯೆ ಸುಮಾರು 8.5 ಕೋಟಿಗೆ ಏರಿತು. ಇದೇ ಗತಿಯಲ್ಲಿ ಸಾಗಿದರೆ 2050ರ ಹೊತ್ತಿಗೆ ಅದು 16.3 ಕೋಟಿ ತಲುಪಲಿದೆ ಎಂದು ಅಂದಾಜಿಸಲಾಗಿದೆ.

ಎರಡು ತಲೆಮಾರುಗಳ ಹಿಂದೆ ಮೀನುಗಾರಿಕೆ, ಮುತ್ತಿನ ಬೇಟೆ, ಪಶುಪಾಲನೆ ಹಾಗೂ ಬೇಸಾಯಗಳಿಂದ ಜೀವಿಸುತ್ತಿದ್ದ ಸಮಾಜಗಳು ಇಷ್ಟು ಅಲ್ಪಾವಧಿಯಲ್ಲಿ ಈ ಸ್ಥಿತಿಗೆ ಬಂದದ್ದು ಹೇಗೆ? ಜನರ ಬಾಯಿಚಪಲವೊಂದನ್ನೇ ಇದಕ್ಕೆ ಹೊಣೆ ಮಾಡುವುದು ಸುಲಭ. ಆದರೆ ಲಭ್ಯವಿರುವ ಅಂಕಿ ಅಂಶಗಳು ನಗರಗಳ ನಿರ್ಮಾಣ, ಸರ್ಕಾರಗಳ ಆಹಾರ ನೀತಿ ಹಾಗೂ ಮಹಿಳೆಯರ ಓಡಾಟಕ್ಕೆ ಇರುವ ಅವಕಾಶಗಳತ್ತ ಬೆರಳು ತೋರಿಸುತ್ತವೆ.

ಅಂಕಿ ಅಂಶ ಓದುವ ಮುನ್ನ

ಅರಬ್ ಲೀಗ್‌ನಲ್ಲಿ 22 ಸದಸ್ಯ ದೇಶಗಳಿವೆ. ಮಾರಿಟೇನಿಯಾದಿಂದ ಒಮಾನ್‌ವರೆಗೆ ಹಬ್ಬಿರುವ ಈ ದೇಶಗಳ ಒಟ್ಟು ಜನಸಂಖ್ಯೆ 45 ಕೋಟಿಗೂ ಹೆಚ್ಚು. ಕತಾರ್‌ನಂತಹ ಅತಿ ಶ್ರೀಮಂತ ದೇಶವೂ ಯೆಮನ್‌ನಂತಹ ಕಡುಬಡ ದೇಶವೂ ಇದರಲ್ಲಿ ಸೇರಿವೆ. ಆದ್ದರಿಂದ 'ಅರಬ್ಬರು' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸರಿಯಾಗದು.

ಇನ್ನೂ ಎರಡು ಸಂಗತಿಗಳು ಗಮನಾರ್ಹ. ಮಧುಮೇಹ ಒಕ್ಕೂಟ ಗುರುತಿಸುವ ವಲಯದಲ್ಲಿ ಅರಬ್ ಅಲ್ಲದ ಇರಾನ್, ಪಾಕಿಸ್ತಾನ ಮತ್ತು ಆಫ್ಘಾನಿಸ್ತಾನಗಳೂ ಸೇರಿವೆ. ಜೊತೆಗೆ ಸಂಯುಕ್ತ ಅರಬ್ ಸಂಸ್ಥಾನ ಹಾಗೂ ಕತಾರ್‌ಗಳಲ್ಲಿ ನಿವಾಸಿಗಳ ಪೈಕಿ ಬಹುಪಾಲು ಜನ ವಲಸಿಗರು. ಹೀಗಾಗಿ ಅಲ್ಲಿನ 'ರಾಷ್ಟ್ರೀಯ ಸರಾಸರಿ'ಯಲ್ಲಿ ಮೂಲ ನಿವಾಸಿಗಳ ಆರೋಗ್ಯದೊಂದಿಗೆ ಭಾರತ, ಪಾಕಿಸ್ತಾನ, ಫಿಲಿಪ್ಪೀನ್ಸ್ ಮುಂತಾದ ದೇಶಗಳಿಂದ ಬಂದವರ ಆರೋಗ್ಯವೂ ಬೆರೆತಿರುತ್ತದೆ.

ಈ ಲೇಖನದ ವಿಷಯ ಮುಖ್ಯವಾಗಿ ಎರಡನೇ ವಿಧದ (ಟೈಪ್-2) ಮಧುಮೇಹ. ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿ ಕಾಣಿಸಿಕೊಂಡು ಜೀವನಪರ್ಯಂತ ಇನ್ಸುಲಿನ್ ಬೇಡುವ ಮೊದಲ ವಿಧಕ್ಕೆ ಬೊಜ್ಜು ಕಾರಣವಲ್ಲ.

ಎಷ್ಟು ಜನರಿಗೆ ಬೊಜ್ಜು?

ತೂಕವನ್ನು ಕಿಲೋಗ್ರಾಮ್‌ನಲ್ಲಿ ತೆಗೆದುಕೊಂಡು, ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವುದು ದೇಹತೂಕ ಸೂಚ್ಯಂಕ. ಅದು 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಸ್ಥೂಲಕಾಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. ಸಂಸ್ಥೆಯ 2016ರ ಅಂದಾಜಿನಂತೆ ವಿಶ್ವದ ವಯಸ್ಕರಲ್ಲಿ ಸ್ಥೂಲಕಾಯರು ಶೇ. 13. ಅದೇ ವರ್ಷ ಅರಬ್ ದೇಶಗಳ ಸ್ಥಿತಿ ಹೀಗಿತ್ತು:

ಕುವೈತ್ - ಶೇ. 37.9
ಜೋರ್ಡಾನ್ - ಶೇ. 35.5
ಸೌದಿ ಅರೇಬಿಯಾ - ಶೇ. 35.4
ಕತಾರ್ - ಶೇ. 35.1
ಈಜಿಪ್ಟ್ - ಶೇ. 32.0
ಲೆಬನಾನ್ - ಶೇ. 32.0
ಸಂಯುಕ್ತ ಅರಬ್ ಸಂಸ್ಥಾನ - ಶೇ. 31.7
ಯೆಮನ್ - ಶೇ. 17.1

ತೈಲ ಸಂಪತ್ತಿಲ್ಲದ ಜೋರ್ಡಾನ್ ಮತ್ತು ಈಜಿಪ್ಟ್‌ಗಳು ಈ ಪಟ್ಟಿಯಲ್ಲಿ ಶ್ರೀಮಂತ ಕೊಲ್ಲಿ ರಾಷ್ಟ್ರಗಳ ಸಾಲಿನಲ್ಲೇ ನಿಂತಿವೆ. ಬೊಜ್ಜು ಸಿರಿವಂತಿಕೆಯ ಕಾಯಿಲೆ ಎಂಬ ಸಾಮಾನ್ಯ ನಂಬಿಕೆಗೆ ಇದು ಪುಷ್ಟಿ ಕೊಡುವುದಿಲ್ಲ.

ತೂಕದಷ್ಟೇ ಮುಖ್ಯವಾದುದು ಕೊಬ್ಬು ಎಲ್ಲಿ ಶೇಖರವಾಗಿದೆ ಎಂಬುದು. ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ. ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡಲು ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸ್ರವಿಸಬೇಕಾಗುತ್ತದೆ. ವರ್ಷಗಳ ಬಳಿಕ ಅದು ದಣಿದಾಗ ಮಧುಮೇಹ ಪ್ರಕಟವಾಗುತ್ತದೆ. ಅಬುಧಾಬಿ ಆಡಳಿತ 2008ರಲ್ಲಿ ತನ್ನ ವಯಸ್ಕ ನಾಗರಿಕರಿಗಾಗಿ ಆರಂಭಿಸಿದ 'ವೆಕಾಯಾ' ತಪಾಸಣಾ ಯೋಜನೆಯಲ್ಲಿ ಮೊದಲಿಗೆ 50 ಸಾವಿರಕ್ಕೂ ಹೆಚ್ಚು ಜನರ ಪರೀಕ್ಷೆ ನಡೆಯಿತು. ಶೇ. 35ರಷ್ಟು ಜನರಲ್ಲಿ ಸ್ಥೂಲಕಾಯ ಪತ್ತೆಯಾದರೆ, ಹೊಟ್ಟೆಯ ಬೊಜ್ಜು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿತ್ತು. ಶೇ. 18 ಮಂದಿಗೆ ಮಧುಮೇಹವಿತ್ತು. ಕಾಲು ಭಾಗಕ್ಕೂ ಹೆಚ್ಚು ಜನ ಮಧುಮೇಹದ ಹೊಸ್ತಿಲಲ್ಲಿದ್ದರು.

ಹೆಚ್ಚಿನ ಹೊರೆ ಮಹಿಳೆಯರಿಗೆ

ಅರಬ್ ದೇಶಗಳ ಅಂಕಿ ಅಂಶಗಳಲ್ಲಿ ಎದ್ದು ಕಾಣುವ ಸಂಗತಿ ಸ್ತ್ರೀ ಪುರುಷರ ನಡುವಣ ಅಂತರ. ಈಜಿಪ್ಟ್ ಸರ್ಕಾರ 2018-19ರಲ್ಲಿ ನಡೆಸಿದ '10 ಕೋಟಿ ಆರೋಗ್ಯ' ಅಭಿಯಾನ ಹೆಪಟೈಟಿಸ್-ಸಿ ಪತ್ತೆಗಾಗಿ ಹೆಸರುವಾಸಿ. ಅದೇ ಅಭಿಯಾನದಲ್ಲಿ ಜನರ ತೂಕ, ರಕ್ತದೊತ್ತಡ ಹಾಗೂ ಸಕ್ಕರೆಯನ್ನೂ ಅಳೆಯಲಾಯಿತು. ಪುರುಷರಲ್ಲಿ ಶೇ. 29.5ರಷ್ಟಿದ್ದ ಸ್ಥೂಲಕಾಯ ಮಹಿಳೆಯರಲ್ಲಿ ಶೇ. 49.5ರಷ್ಟಿತ್ತು. ಅಂದರೆ ಇಬ್ಬರು ಮಹಿಳೆಯರಲ್ಲಿ ಒಬ್ಬರು! ಸೌದಿ ಅರೇಬಿಯಾದ 2013ರ ಆರೋಗ್ಯ ಸಮೀಕ್ಷೆಯಲ್ಲೂ ಪುರುಷರಲ್ಲಿ ಶೇ. 24.1, ಮಹಿಳೆಯರಲ್ಲಿ ಶೇ. 33.5 ಸ್ಥೂಲಕಾಯ ಕಂಡುಬಂತು.

ಇದರ ಹಿಂದೆ ಸಾಮಾಜಿಕ ಕಾರಣಗಳಿವೆ. ಸೌದಿ ಅರೇಬಿಯಾದ ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ದೈಹಿಕ ಶಿಕ್ಷಣದ ತರಗತಿ ದೊರೆತದ್ದು 2017ರಲ್ಲಿ. ಮಹಿಳೆಯರ ವ್ಯಾಯಾಮಶಾಲೆಗಳಿಗೆ ಪರವಾನಗಿ ನೀಡುವ ನಿರ್ಧಾರವೂ ಅದೇ ವರ್ಷದ್ದು. ಇಂದು ಮೂವತ್ತು ದಾಟಿರುವ ಬಹುತೇಕ ಸೌದಿ ಮಹಿಳೆಯರು ಶಾಲೆಯ ಅಂಗಳದಲ್ಲಿ ಓಡದೆಯೇ ಬೆಳೆದವರು. ಪದೇ ಪದೇ ಹೆರಿಗೆ, ಮನೆಯೊಳಗಿನ ಬದುಕು, ಹೆಂಗಸರು ಬೀದಿಯಲ್ಲಿ ವಾಕಿಂಗ್ ಹೋಗುವುದಕ್ಕೆ ಇರುವ ಸಂಕೋಚ ಇವೆಲ್ಲವೂ ತೂಕಕ್ಕೆ ತೂಕ ಸೇರಿಸುತ್ತವೆ. ಮಾರಿಟೇನಿಯಾದಲ್ಲಂತೂ ದಪ್ಪಗಿರುವ ಹೆಣ್ಣೇ ಚೆಲುವೆ ಎಂಬ ಭಾವನೆಯಿಂದ ಮದುವೆಗೆ ಮುನ್ನ ಹುಡುಗಿಯರಿಗೆ ಬಲವಂತವಾಗಿ ಹಾಲು, ಗಂಜಿ ಕುಡಿಸುವ 'ಲೆಬ್ಲೂಹ್' ಎಂಬ ಪದ್ಧತಿಯೇ ಬೆಳೆದುಬಂದಿತ್ತು.

ತಾಯಿಯ ಸ್ಥಿತಿ ಮಗುವಿಗೂ ದಾಟುತ್ತದೆ. ಗರ್ಭಾವಸ್ಥೆಯಲ್ಲಿ ಮಧುಮೇಹ ಕಾಣಿಸಿಕೊಂಡ ಮಹಿಳೆಗೆ ಮುಂದೆ ಅದು ಕಾಯಂ ಆಗುವ ಅಪಾಯ ಹೆಚ್ಚು. ಅವಳ ಮಗುವಿಗೂ ಬೊಜ್ಜು ಮತ್ತು ಮಧುಮೇಹದ ಸಾಧ್ಯತೆ ಅಧಿಕ.

ನಡೆಯದ ಕಾಲುಗಳು

ಕುವೈತ್‌ನ ಬುರ್ಗಾನ್ ಪ್ರದೇಶದಲ್ಲಿ ತೈಲ ಸಿಕ್ಕಿದ್ದು 1938ರಲ್ಲಿ. ರಫ್ತು ಆರಂಭವಾದದ್ದು 1946ರಲ್ಲಿ. ಅದಕ್ಕೂ ಮುನ್ನ ಕುವೈತ್‌ನ ಗಂಡಸರು ಬೇಸಿಗೆಯಲ್ಲಿ ಮುತ್ತಿಗಾಗಿ ಕಡಲಿಗೆ ಧುಮುಕುತ್ತಿದ್ದರು. ಹಾಯಿಹಡಗುಗಳಲ್ಲಿ ಖರ್ಜೂರ ಹೇರಿಕೊಂಡು ಭಾರತದ ಪಶ್ಚಿಮ ಕರಾವಳಿಗೆ ಬಂದು ಮರಮಟ್ಟು ಒಯ್ಯುತ್ತಿದ್ದರು. ಮೈಮುರಿಯುವ ದುಡಿಮೆಯ ಆ ಬದುಕು ಒಂದೇ ತಲೆಮಾರಿನಲ್ಲಿ ಕಚೇರಿಯ ಕುರ್ಚಿಗೆ ಸ್ಥಳಾಂತರಗೊಂಡಿತು. ಮನೆಗೆಲಸಕ್ಕೆ ವಿದೇಶಿ ಸೇವಕರು ಬಂದರು, ನಗರಗಳು ಕಾರಿಗಾಗಿಯೇ ನಿರ್ಮಾಣಗೊಂಡವು.

ಇದರ ಫಲಿತಾಂಶ 2018ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಕಾಣುತ್ತದೆ. ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರ ಪ್ರಮಾಣದಲ್ಲಿ ಕುವೈತ್ ವಿಶ್ವದಲ್ಲೇ ಮೊದಲ ಸ್ಥಾನದಲ್ಲಿತ್ತು. ಅಲ್ಲಿ ಶೇ. 67, ಸೌದಿಯಲ್ಲಿ ಶೇ. 53, ಇರಾಕ್‌ನಲ್ಲಿ ಶೇ. 52 ಜನ ಈ ಗುಂಪಿಗೆ ಸೇರಿದ್ದರು. ವಿಶ್ವದ ಸರಾಸರಿ ಶೇ. 27.5. ಹವಾಮಾನವೂ ಇಲ್ಲಿ ಶತ್ರು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಅಂತಹ ಬಿಸಿಲಿನಲ್ಲಿ 'ದಿನಕ್ಕೆ ಅರ್ಧ ಗಂಟೆ ನಡೆಯಿರಿ' ಎಂಬ ವೈದ್ಯರ ಸಲಹೆ ಪಾಲಿಸಲು ಹವಾನಿಯಂತ್ರಿತ ಮಾಲ್‌ಗಳೇ ಗತಿ.

ರೊಟ್ಟಿ, ಸಕ್ಕರೆ ಮತ್ತು ರಾಜಕೀಯ

ಕೊಲ್ಲಿ ರಾಷ್ಟ್ರಗಳಲ್ಲಿ ಮಾಂಸ, ಅಕ್ಕಿಯ ಕಬ್ಸಾ ಹಾಗೂ ಮಚ್ಬೂಸ್ ದೊಡ್ಡ ತಟ್ಟೆಯಲ್ಲಿ ಎಲ್ಲರೂ ಕೂಡಿ ಉಣ್ಣುವ ಊಟ. ಅತಿಥಿಯ ತಟ್ಟೆ ಬರಿದಾಗಲು ಬಿಡುವುದು ಅಲ್ಲಿ ಮರ್ಯಾದೆಯಲ್ಲ. ಇದರ ಜೊತೆಗೆ ಫಾಸ್ಟ್‌ಫುಡ್ ಮತ್ತು ಸಿಹಿ ಪಾನೀಯಗಳೂ ಸೇರಿಕೊಂಡವು.

ಈಜಿಪ್ಟ್‌ನ ಕಥೆ ಬೇರೆ. ಅಲ್ಲಿ 'ಬಲದಿ' ರೊಟ್ಟಿಗೆ ದಶಕಗಳಿಂದ ಸರ್ಕಾರದ ಸಹಾಯಧನವಿದೆ. ಆರು ಕೋಟಿಗೂ ಹೆಚ್ಚು ಜನರಿಗೆ ತಲಾ ದಿನಕ್ಕೆ ಐದು ರೊಟ್ಟಿಯವರೆಗೆ ಕಡಿಮೆ ದರದಲ್ಲಿ ದೊರೆಯುತ್ತಿತ್ತು. ಸಕ್ಕರೆ, ಅಡುಗೆ ಎಣ್ಣೆಗಳೂ ಪಡಿತರದಲ್ಲಿವೆ. ಹಣ್ಣು, ತರಕಾರಿ, ಬೇಳೆಕಾಳಿನ ಬೆಲೆ ಏರಿದಾಗ ಬಡವರ ಹೊಟ್ಟೆ ತುಂಬುವುದು ರೊಟ್ಟಿ ಮತ್ತು ಸಿಹಿ ಚಹಾದಿಂದಲೇ. ಹಸಿವು ನೀಗುತ್ತದೆ, ಪೋಷಣೆ ಸಿಗುವುದಿಲ್ಲ. ಒಂದೇ ಮನೆಯಲ್ಲಿ ಕುಬ್ಜ ಬೆಳವಣಿಗೆಯ ಮಗುವೂ ಸ್ಥೂಲಕಾಯದ ತಾಯಿಯೂ ಇರುವುದು ಈ ಕಾರಣಕ್ಕೆ.

ಹಾಗೆಂದು ಸಹಾಯಧನಕ್ಕೆ ಕೈಹಾಕುವುದು ಸುಲಭವಲ್ಲ. 1977ರ ಜನವರಿಯಲ್ಲಿ ಅಧ್ಯಕ್ಷ ಅನ್ವರ್ ಸಾದಾತ್ ಸರ್ಕಾರ ಆಹಾರ ಸಹಾಯಧನ ಕಡಿತಕ್ಕೆ ಮುಂದಾದಾಗ ದೇಶದಾದ್ಯಂತ ದಂಗೆ ಎದ್ದಿತು; ಸರ್ಕಾರ ಹಿಂದೆ ಸರಿಯಿತು. ಮೂರೂವರೆ ದಶಕಗಳ ಕಾಲ 5 ಪಿಯಾಸ್ಟರ್‌ನಲ್ಲೇ ಉಳಿದಿದ್ದ ರೊಟ್ಟಿಯ ದರ 20 ಪಿಯಾಸ್ಟರ್‌ಗೆ ಏರಿದ್ದು 2024ರ ಜೂನ್‌ನಲ್ಲಿ.

ಇತರ ಅಪಾಯಕಾರಿ ಅಂಶಗಳು

ಧೂಮಪಾನ: ಸಿಗರೇಟು ಸೇದುವವರಿಗೆ ಎರಡನೇ ವಿಧದ ಮಧುಮೇಹ ಬರುವ ಸಾಧ್ಯತೆ ಸೇದದವರಿಗಿಂತ ಶೇ. 30ರಿಂದ 40ರಷ್ಟು ಹೆಚ್ಚು. ಜೋರ್ಡಾನ್ ಪುರುಷರ ಧೂಮಪಾನದ ಪ್ರಮಾಣ ವಿಶ್ವದಲ್ಲೇ ಅತ್ಯಧಿಕ ಮಟ್ಟದ್ದು. ಹುಕ್ಕಾ ಸೇದುವುದು ಅಲ್ಲಿ ಮನರಂಜನೆಯ ಭಾಗ.

ಅನುವಂಶೀಯತೆ: ಹೆತ್ತವರಲ್ಲಿ ಮಧುಮೇಹವಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವನ ಮಕ್ಕಳೊಂದಿಗಿನ ಮದುವೆ ಅರಬ್ ಸಮಾಜದಲ್ಲಿ ವ್ಯಾಪಕವಾಗಿರುವುದರಿಂದ, ಕುಟುಂಬದೊಳಗಿನ ಈ ಅಪಾಯ ಸಂಶೋಧಕರ ಗಮನ ಸೆಳೆದಿದೆ. ಆದರೆ ವಂಶವಾಹಿಗಳು ಎರಡು ತಲೆಮಾರಿನಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಬದುಕಿನ ರೀತಿ.

ಅರಿವಿನ ಕೊರತೆ: ಸೌದಿ ಅರೇಬಿಯಾದಲ್ಲಿ 1995ರಿಂದ 2000ದವರೆಗೆ 30ರಿಂದ 70 ವರ್ಷದೊಳಗಿನ ಸುಮಾರು 17 ಸಾವಿರ ಜನರ ಅಧ್ಯಯನ ನಡೆದಾಗ ಶೇ. 23.7 ಮಂದಿಗೆ ಮಧುಮೇಹವಿದ್ದುದು ತಿಳಿಯಿತು. ಅವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನರಿಗೆ ತಮ್ಮ ಕಾಯಿಲೆಯ ಸುಳಿವೇ ಇರಲಿಲ್ಲ. ಕಣ್ಣು, ಮೂತ್ರಪಿಂಡ, ಪಾದದ ನರಗಳಿಗೆ ಹಾನಿಯಾಗುವುದು ಇಂತಹ ಮೌನದ ವರ್ಷಗಳಲ್ಲೇ.

ರಂಜಾನ್ ಮತ್ತು ರೋಗಿ

ಅನಾರೋಗ್ಯವಿದ್ದವರಿಗೆ ಉಪವಾಸದಿಂದ ಇಸ್ಲಾಂ ವಿನಾಯಿತಿ ನೀಡುತ್ತದೆ. ಆದರೂ 2001ರಲ್ಲಿ 13 ದೇಶಗಳಲ್ಲಿ ನಡೆದ 'ಎಪಿಡಯಾರ್' ಅಧ್ಯಯನದಂತೆ ಎರಡನೇ ವಿಧದ ಮಧುಮೇಹವುಳ್ಳ ಮುಸ್ಲಿಮರಲ್ಲಿ ಶೇ. 79ರಷ್ಟು ಜನ ಉಪವಾಸ ಆಚರಿಸಿದರು. ಹಗಲಿನಲ್ಲಿ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯುವುದು, ಇಫ್ತಾರ್‌ನ ಸಿಹಿ ತಿನಿಸುಗಳಿಂದ ರಾತ್ರಿ ದಿಢೀರನೆ ಏರುವುದು ಇದರ ಎರಡು ತುದಿಗಳು. ಔಷಧದ ಪ್ರಮಾಣ ಮತ್ತು ವೇಳೆಯನ್ನು ವೈದ್ಯರೊಂದಿಗೆ ಮುಂಚಿತವಾಗಿ ನಿಗದಿಪಡಿಸಿಕೊಳ್ಳುವುದು ಅಗತ್ಯ.

ಸರ್ಕಾರಗಳು ಮಾಡಿದ್ದೇನು?

ಕತಾರ್ 2012ರಿಂದ ಫೆಬ್ರುವರಿಯ ಎರಡನೇ ಮಂಗಳವಾರವನ್ನು ರಾಷ್ಟ್ರೀಯ ಕ್ರೀಡಾ ದಿನವೆಂದು ರಜೆ ಘೋಷಿಸಿದೆ. 2013ರಲ್ಲಿ ದುಬೈ ಆಡಳಿತ ತೂಕ ಇಳಿಸಿಕೊಂಡವರಿಗೆ ಕಿಲೋಗೆ ಒಂದು ಗ್ರಾಮ್‌ನಂತೆ ಚಿನ್ನ ಕೊಡುವ ಸ್ಪರ್ಧೆ ಏರ್ಪಡಿಸಿ ಸುದ್ದಿಯಾಯಿತು. ಇವುಗಳಿಗಿಂತ ಗಟ್ಟಿಯಾದ ಹೆಜ್ಜೆ ತೆರಿಗೆ. ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನ 2017ರಲ್ಲಿ ಸೋಡಾ ಪಾನೀಯಗಳ ಮೇಲೆ ಶೇ. 50, ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ. 100 ತೆರಿಗೆ ವಿಧಿಸಿದವು. 2019ರಿಂದ ಸೌದಿಯ ಹೋಟೆಲುಗಳು ತಿನಿಸಿನ ಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕಾಯಿತು. ಕೈಗಾರಿಕಾ ಟ್ರಾನ್ಸ್ ಕೊಬ್ಬಿನ ನಿರ್ಮೂಲನೆಗಾಗಿ 2024ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಮೊದಲ ಐದು ದೇಶಗಳಲ್ಲಿ ಸೌದಿಯೂ ಒಂದು.

ಯುದ್ಧಪೀಡಿತ ಸಿರಿಯಾ, ಯೆಮನ್, ಗಾಜಾಗಳಲ್ಲಿ ಇಂತಹ ಕ್ರಮಗಳ ಮಾತಿರಲಿ, ಇನ್ಸುಲಿನ್ ಪೂರೈಕೆ ಮತ್ತು ಅದನ್ನು ತಣ್ಣಗಿಡುವ ವಿದ್ಯುತ್ತೇ ದುರ್ಲಭವಾದ ವರ್ಷಗಳು ಕಳೆದಿವೆ.

ಕೊಲ್ಲಿ ಕನ್ನಡಿಗರಿಗೂ ಎಚ್ಚರಿಕೆ

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಸಾವಿರಾರು ಕುಟುಂಬಗಳಿಗೆ ಕೊಲ್ಲಿಯ ನಂಟಿದೆ. ಆ ಬಿಸಿಲು, ಆ ಕಾರು, ಆ ಊಟ ಅವರದೂ ಹೌದು. ಇದರ ಮೇಲೆ ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಮಧುಮೇಹ ತಗಲುವ ಗುಣವಿದೆ. ಆದ್ದರಿಂದಲೇ ಭಾರತೀಯರಿಗೆ ದೇಹತೂಕ ಸೂಚ್ಯಂಕ 23 ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಸ್ಥೂಲಕಾಯ ಎಂದು 2009ರಲ್ಲಿ ಭಾರತೀಯ ತಜ್ಞರು ನಿಗದಿಪಡಿಸಿದ್ದಾರೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ತಲುಪಿದರೆ ಎಚ್ಚರ ವಹಿಸಬೇಕು. ಕೊಲ್ಲಿಯ ನಿವಾಸ ಪರವಾನಗಿಗಾಗಿ ನಡೆಯುವ ವೈದ್ಯಕೀಯ ತಪಾಸಣೆಯ ಮುಖ್ಯ ಗುರಿ ಕ್ಷಯ, ಎಚ್‌ಐವಿಯಂತಹ ಸಾಂಕ್ರಾಮಿಕ ರೋಗಗಳ ಪತ್ತೆ. ಅದರಲ್ಲಿ ತೇರ್ಗಡೆಯಾದವರು ತಮಗೆ ಮಧುಮೇಹವಿಲ್ಲವೆಂದು ಭಾವಿಸಬಾರದು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಮಿಲಿಗ್ರಾಮ್ ಅಥವಾ ಮೂರು ತಿಂಗಳ ಸರಾಸರಿ ಸೂಚಿಸುವ ಎಚ್‌ಬಿಎ1ಸಿ ಶೇ. 6.5 ತಲುಪಿದರೆ, ಪುನಃ ಪರೀಕ್ಷಿಸಿ ಖಚಿತಪಡಿಸಿಕೊಂಡು ಚಿಕಿತ್ಸೆ ಆರಂಭಿಸಬೇಕು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಮಾತು ನಿಜವೇ. ಆದರೆ ತಟ್ಟೆಗೆ ಏನು ಬೀಳಬೇಕೆಂಬುದನ್ನು ಸರ್ಕಾರದ ಸಹಾಯಧನವೂ, ಕಾಲು ಎಷ್ಟು ನಡೆಯಬೇಕೆಂಬುದನ್ನು ನಗರದ ರಸ್ತೆಗಳೂ ತೀರ್ಮಾನಿಸುವಾಗ ಊಟ ಬಲ್ಲವನೂ ಸೋಲುತ್ತಾನೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎನ್ನುತ್ತದೆ. ಕಾರಿಗಾಗಿ ಪಾದಚಾರಿ ಮಾರ್ಗ ಕಿರಿದಾಗುತ್ತಿರುವ, ಆಟದ ಮೈದಾನಗಳು ಕಣ್ಮರೆಯಾಗುತ್ತಿರುವ ನಮ್ಮ ನಗರಗಳಿಗೆ ಅರಬ್ ಜಗತ್ತಿನ ಈ ಅಂಕಿ ಅಂಶಗಳು ಮುಂಗಡ ಸೂಚನೆಯಂತಿವೆ.