ನೀರು ದಾಟುವ ಗಾಡಿ: ಒಂದು ಬಿರಟೆಯ ಚರಿತ್ರೆ



ಕಾಸರಗೋಡಿನ ಗುಡ್ಡದ ಬದಿಯವರಾದ ನಮಗೆ ತೋಡು ಎಂದರೇನೆಂದು ವಿವರಿಸಬೇಕಾಗಿಲ್ಲ. ಕನ್ನಡದಲ್ಲೂ ಮಲಯಾಳದಲ್ಲೂ ಅದಕ್ಕೆ ಒಂದೇ ಹೆಸರು. ಸಂಕವಿಲ್ಲದ ಕಡೆ ಜೀಪು, ಪಿಕಪ್ಪುಗಳು ನೀರಿಗಿಳಿದೇ ಆಚೆ ದಾಟಬೇಕು. ಹಾಗೆ ದಾಟಲು ಗಾಡಿಯನ್ನು ಅಣಿಗೊಳಿಸುವ ವಿದ್ಯೆಗೂ ಒಂದು ಚರಿತ್ರೆ ಇದೆ.

ಎಂಜಿನ್ನಿಗೆ ನೀರು ಹೊಕ್ಕರೆ ಗಾಡಿ ಅಲ್ಲೇ ನಿಲ್ಲುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಗೇರ್‌ಬಾಕ್ಸಿಗೋ ಆಕ್ಸಲಿಗೋ ಹೊಕ್ಕರೆ ಆ ದಿನ ತಿಳಿಯುವುದಿಲ್ಲ. ಓಡಿ ಬಂದ ಗಾಡಿಯ ಆಕ್ಸಲ್ ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಉಸಿರುಗಂಡಿಯಿಂದಲೋ ಸವೆದ ಸೀಲಿನ ಸಂದಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲೇ ಓಡಿಸಿದರೆ ಬೇರಿಂಗುಗಳೂ ಗೇರಿನ ಹಲ್ಲುಗಳೂ ತುಕ್ಕು ಹಿಡಿದು ಸವೆಯುತ್ತವೆ.

ಈ ತೊಡಕನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಬೇಕಾಗಿ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಆ ಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಗಾಡಿಗಳು ನೌಕೆಯಿಂದ ಸಮುದ್ರದ ನೀರಿಗೇ ಇಳಿಯಬೇಕಿತ್ತು. ನೀರಲ್ಲಿ ಕೆಟ್ಟು ನಿಂತ ಗಾಡಿ ಹಿಂದಿನವರ ದಾರಿಗೂ ಅಡ್ಡ, ಗುಂಡಿಗೂ ಗುರಿ. ಆದ್ದರಿಂದ ಇಂಗ್ಲೆಂಡಿನಲ್ಲೇ ಹಂತಹಂತವಾಗಿ ಸಿದ್ಧತೆ ನಡೆಯಿತು. ಸಂದುಗಳಿಗೆ ದಪ್ಪ ಗ್ರೀಸು ಮೆತ್ತಿದರು, ಗಂಡಿಗಳನ್ನು ಮುಚ್ಚಿದರು, ಗಾಳಿಯ ಮತ್ತು ಹೊಗೆಯ ಕೊಳವೆಗಳನ್ನು ಮೇಲಕ್ಕೆತ್ತಿದರು. ಎಲ್ಲ ಮುಚ್ಚಿದ ಗಾಡಿ ಹೆಚ್ಚು ದೂರ ಓಡಿದರೆ ಕಾಯುತ್ತದೆ. ಆದಕಾರಣ ಕೊನೆಯ ಹಂತವನ್ನು ನೌಕೆ ಹತ್ತಿದ ಮೇಲೆಯೇ ಮುಗಿಸುತ್ತಿದ್ದರು. ದಡ ಸೇರಿದ ಮೇಲೆ ಮುಚ್ಚಿದ್ದನ್ನು ಬಿಚ್ಚುವುದೂ ಅಷ್ಟೇ ಮುಖ್ಯವಾದ ಕೆಲಸವಾಗಿತ್ತು.

ಯುದ್ಧ ಮುಗಿದ ಮೇಲೆ, 1948ರಲ್ಲಿ, ಬ್ರಿಟನ್ನಿನ ಲ್ಯಾಂಡ್ ರೋವರ್ ಬಂತು. ಅದರ ಕ್ಲಚ್ಚಿನ ಕವಚದ ತಳದಲ್ಲಿ ಒಂದು ಸಣ್ಣ ತೂತು. ಸೋರಿದ ಎಣ್ಣೆ ಹೊರಬೀಳಲೆಂದು ಅದನ್ನು ಸಾಮಾನ್ಯ ದಿನಗಳಲ್ಲಿ ತೆರೆದೇ ಇಡಬೇಕು. ಆಳದ ನೀರು ದಾಟುವ ಮುಂಚೆ ಒಂದು ತಿರುಪಿನ ಬಿರಟೆ ಹಾಕಬೇಕು. ದಾಟಿದ ಮೇಲೆ ತೆಗೆಯಬೇಕು. ಮರೆತರೆ ಎಣ್ಣೆ ಒಳಗೇ ತುಂಬಿ ಕ್ಲಚ್ಚು ಜಾರತೊಡಗುತ್ತದೆ. ಆಮೇಲೆ ಬಂದ ವಿಲ್ಲಿಸ್ ಎಂ-38 ಸೈನಿಕ ಜೀಪಿನಲ್ಲಿ ಗೇರ್‌ಬಾಕ್ಸಿನ ಉಸಿರುಗಂಡಿಗೆ ಕೊಳವೆ ಜೋಡಿಸಿ ಮೇಲಿನ ಏರ್ ಕ್ಲೀನರಿಗೆ ಸೇರಿಸಿದರು. ಯುದ್ಧಕಾಲದ ಗ್ರೀಸಿನ ಕೆಲಸ ಹೀಗೆ ಕಾರ್ಖಾನೆಯ ಕೆಲಸವಾಯಿತು. ಈಗಿನ ಅನೇಕ ಫೋರ್ ವೀಲ್ ಪಿಕಪ್ಪುಗಳಲ್ಲಿ ಆಕ್ಸಲಿನ ಬ್ರೀದರಿಗೂ ರಬ್ಬರ್ ಕೊಳವೆ ಸಿಕ್ಕಿಸಿ ಎತ್ತರಕ್ಕೆ ಒಯ್ದಿರುತ್ತಾರೆ.

ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿ ವಿಲ್ಲಿಸ್ ಜೀಪುಗಳನ್ನು ಬೊಂಬಾಯಿಯಲ್ಲಿ ಜೋಡಿಸತೊಡಗಿತು. ನಮ್ಮ ಗುಡ್ಡದ ದಾರಿಗಳಲ್ಲಿ ಅಡಿಕೆ ಹೊತ್ತದ್ದು ಆ ವಂಶದ ಗಾಡಿಗಳೇ. ಗಾಡಿ ಬಂತು, ಆದರೆ ಅದರ ಜೊತೆಗಿನ ಶಿಸ್ತು ಎಲ್ಲ ಕಡೆ ಬರಲಿಲ್ಲ.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ದಿನದ ಕೊನೆಗೆ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೋಗುತ್ತಿರಲಿಲ್ಲ. ನೀರು ದಾಟುವುದಕ್ಕೂ ಹಾಗೆಯೇ ಎರಡು ಬದಿ. ದಾಟುವ ಮುಂಚೆ ಬ್ರೀದರ್ ನೋಡಿ, ಆಕ್ಸಲ್ ಸ್ವಲ್ಪ ಆರಲು ಬಿಡಿ, ಬಿರಟೆ ಇದ್ದರೆ ಹಾಕಿ. ದಾಟಿದ ಮೇಲೆ ಬಿರಟೆ ತೆಗೆಯಿರಿ, ಬ್ರೇಕ್ ಒತ್ತಿ ಒಣಗಿಸಿ, ಗೇರ್ ಆಯಿಲಿನ ಬಣ್ಣ ನೋಡಿ. ಬೆಳ್ಳಗಾಗಿದ್ದರೆ ತಡಮಾಡದೆ ಬದಲಿಸಿ.

ಒಂದು ಮಾತು ಮಾತ್ರ ನೆನಪಿರಲಿ. ಈ ವಿದ್ಯೆಯೆಲ್ಲ ನಿಂತ ನೀರಿಗೆ, ತಳ ಕಾಣುವ ನೀರಿಗೆ. ಮಳೆಗಾಲದಲ್ಲಿ ಕೆಂಪಾಗಿ ನುಗ್ಗುವ ತೋಡಿಗೆ ಯಾವ ಬಿರಟೆಯೂ ಉತ್ತರವಲ್ಲ. ಅಂದು ಈಚೆ ದಡದಲ್ಲೇ ಗಾಡಿ ನಿಲ್ಲಿಸಿ, ನೀರು ಇಳಿಯುವವರೆಗೆ ಕಾಯಿರಿ.